ಕಿಡ್ನಿ ಸೋತರೆ ಎಲುಬೂ ಸೋಲುತ್ತದೆ

(ಸಂಘದ ವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮೂತ್ರಪಿಂಡವನ್ನು ನಾವೆಲ್ಲ ಆಡುಮಾತಿನಲ್ಲಿ ಕಿಡ್ನಿ ಎನ್ನುತ್ತೇವೆ. ಅದು ಕೆಟ್ಟರೆ ಮೈ ಊದಿಕೊಳ್ಳುತ್ತದೆ, ಮೂತ್ರ ಕಡಮೆಯಾಗುತ್ತದೆ, ಕೊನೆಗೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಾಗುತ್ತದೆ ಎಂಬಷ್ಟನ್ನು ಈಗ ನಮ್ಮಲ್ಲಿ ಬಹುಮಂದಿ ಬಲ್ಲರು. ಆದರೆ ಕಿಡ್ನಿ ಕೆಟ್ಟವರ ಎಲುಬು ಸಣ್ಣ ಪೆಟ್ಟಿಗೂ ಮುರಿಯುತ್ತದೆ ಎಂಬ ಮಾತನ್ನು ಕೇಳಿದವರು ವಿರಳ. ಜಾರಿ ಬಿದ್ದ, ಎಲುಬು ಮುರಿಯಿತು, ಹಣೆಬರಹ ಎಂದು ನಾವು ಅಷ್ಟಕ್ಕೇ ಬಿಟ್ಟುಬಿಡುತ್ತೇವೆ. ಇದರಲ್ಲಿ ಹಣೆಬರಹದ ಪಾಲು ಕಡಮೆ, ನಮ್ಮ ಅರಿವುಗೇಡಿನ ಪಾಲು ಹೆಚ್ಚು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇವೆ.

ನಾವು ವೈದ್ಯರಲ್ಲ, ನಿಮ್ಮ ಹಾಗೆಯೇ ದುಡಿದು ಉಣ್ಣುವವರು. ವೈದ್ಯಶಾಸ್ತ್ರ ಕಂಡುಕೊಂಡಿರುವ ಸಂಗತಿಗಳನ್ನು ಓದಿ, ಕೇಳಿ ತಿಳಿದು, ನಮ್ಮ ಬಾಳಿಗೆ ಹೊಂದಿಸಿ ಹೇಳುವುದಷ್ಟೇ ನಮ್ಮ ಕೆಲಸ. ಔಷಧ ಬರೆದುಕೊಡುವ ಅಧಿಕಾರ ನಮಗಿಲ್ಲ. ಯಾವಾಗ ವೈದ್ಯರಲ್ಲಿಗೆ ಹೋಗಬೇಕು, ಅಲ್ಲಿ ಏನು ಕೇಳಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹೊಣೆ ಮಾತ್ರ ನಮ್ಮೆಲ್ಲರ ಮೇಲೂ ಇದೆ.

ಈ ವಿಷಯ ನಮಗೇಕೆ ಎಂದು ಕೆಲವರು ಕೇಳಬಹುದು. ಕಿಡ್ನಿ ಕೆಡಲು ಮುಖ್ಯ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಈ ಎರಡೂ ಒಂದು ಕಾಲಕ್ಕೆ ಸಿರಿವಂತರ ರೋಗಗಳೆನಿಸಿಕೊಂಡಿದ್ದವು. ಇಂದು ಅವು ಚಾಳಿನ ಕೋಣೆಯಲ್ಲೂ, ಹೋಟೆಲಿನ ಅಟ್ಟದ ಮೇಲೂ ನೆಲೆಸಿವೆ. ಅದರ ಜೊತೆಗೆ ನಮ್ಮ ಕೆಲಸದ ರೀತಿಯನ್ನು ನೋಡಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದ ಅಡುಗೆಭಟ್ಟರು ಮಧ್ಯಾಹ್ನದ ತನಕ ದೋಸೆಯ ಕಾವಲಿಯ ಮುಂದೆ ಬೆವರು ಸುರಿಸುತ್ತ ನಿಂತಿರುತ್ತಾರೆ; ಒಂದು ಲೋಟ ನೀರು ಕುಡಿಯಲು ಅವರಿಗೆ ಪುರಸತ್ತಿಲ್ಲ. ಗಿರಾಕಿಗಳ ಗದ್ದಲದಲ್ಲಿ ಮಾಣಿಗೆ ಮೂತ್ರಕ್ಕೆ ಹೋಗಲೂ ಬಿಡುವಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳ ಕಬ್ಬಿನ ಗದ್ದೆಗಳಲ್ಲಿ, ಸಕ್ಕರೆ ಕಾಯಿಲೆಯೂ ಇಲ್ಲದ ಎಳೆಯ ಪ್ರಾಯದ ಕೂಲಿಗಳ ಕಿಡ್ನಿ ಕೆಡುತ್ತಿರುವುದು ಈ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂತು. ಸುಡುವ ಬಿಸಿಲಲ್ಲಿ ಸಾಕಷ್ಟು ನೀರಿಲ್ಲದೆ ದುಡಿಯುವುದು ಅದಕ್ಕೆ ಒಂದು ಕಾರಣವೆಂದು ಸಂಶೋಧಕರು ಎಣಿಸುತ್ತಾರೆ. ಒಲೆಯ ಧಗೆಯಲ್ಲಿ ನಿಲ್ಲುವವರು ಇದನ್ನು ಕೇಳಿ ಸುಮ್ಮನಿರಲಾಗದು.

ಇನ್ನು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು. 1982ರ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಅಂದು ಮಗ್ಗದ ಮುಂದೆ ನಿಂತವರು ಇಂದು ವೃದ್ಧರು. ವಯಸ್ಸು, ರಕ್ತದೊತ್ತಡ, ಸವೆದ ಎಲುಬು ಮೂರೂ ಅವರಲ್ಲಿ ಒಟ್ಟಿಗೆ ಕೂಡಿವೆ. ಆದುದರಿಂದ ಈ ಮಾತು ಹೋಟೆಲಿನ ಹುಡುಗರಿಗೆಷ್ಟು ಬೇಕೋ ಅವರಿಗೂ ಅಷ್ಟೇ ಬೇಕು.

ಮೊದಲು ಕಿಡ್ನಿಯ ಕೆಲಸವನ್ನು ತಿಳಿಯೋಣ. ಬೆನ್ನಿನ ಎರಡು ಪಕ್ಕಗಳಲ್ಲಿ, ಪಕ್ಕೆಲುಬಿನ ಕೆಳತುದಿಯ ಬಳಿ, ಮುಷ್ಟಿಯಷ್ಟು ಗಾತ್ರದ ಎರಡು ಕಿಡ್ನಿಗಳಿವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಅವು ಸೋಸಿ, ಬೇಕಾದುದನ್ನು ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳಿಸುತ್ತವೆ. ಇಷ್ಟು ಎಲ್ಲರೂ ಬಲ್ಲ ಕೆಲಸ. ಎಲುಬಿಗಾಗಿ ಕಿಡ್ನಿ ಮಾಡುವ ಕೆಲಸಗಳು ಬೇರೆ ಮೂರಿವೆ.

ಒಂದನೆಯದು, ನಾವು ತಿಂದ ಆಹಾರದಲ್ಲಿ ಹೆಚ್ಚಾದ ಫಾಸ್ಫರಸ್ ಎಂಬ ಅಂಶವನ್ನು, ಅಂದರೆ ರಂಜಕವನ್ನು, ಹೊರಹಾಕುವುದು. ಎರಡನೆಯದು, ಮೈಯಲ್ಲಿ ಹುಟ್ಟಿದ ಆಮ್ಲವನ್ನು ಹತೋಟಿಯಲ್ಲಿಡುವುದು; ಆಮ್ಲ ಏರಿದರೆ ಎಲುಬಿನ ಸುಣ್ಣ ಕರಗುತ್ತದೆ. ಮೂರನೆಯದು, ವಿಟಮಿನ್ ಡಿ ಯನ್ನು ಕೆಲಸಕ್ಕೆ ಯೋಗ್ಯವಾಗಿ ಮಾಡುವುದು. ಬಿಸಿಲು ಬಿದ್ದಾಗ ಚರ್ಮದಲ್ಲಿ ಹುಟ್ಟುವ ಈ ಜೀವಸತ್ವ ಪಿತ್ತಜನಕಾಂಗದಲ್ಲಿ ಒಂದು ಹದ ಪಡೆದು, ಕೊನೆಯ ಹದವನ್ನು ಕಿಡ್ನಿಯಲ್ಲಿ ಪಡೆಯುತ್ತದೆ. 1970ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಫ್ರೇಸರ್ ಮತ್ತು ಕೋಡಿಚೆಕ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಆ ಕೊನೆಯ ಹದ ಸಿಗದಿದ್ದರೆ ಎಷ್ಟು ಬಿಸಿಲು ಕಾಯಿಸಿದರೂ, ಎಷ್ಟು ಹಾಲು ಕುಡಿದರೂ ಅನ್ನದಲ್ಲಿನ ಸುಣ್ಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಈಗ ಎಲುಬಿನ ಕಡೆಗೆ ಬರೋಣ. ನಮ್ಮ ಮೈಯಲ್ಲಿರುವ ಸುಣ್ಣದಂಶದಲ್ಲಿ, ಎಂದರೆ ಕ್ಯಾಲ್ಸಿಯಂನಲ್ಲಿ, ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲೂ ಇತರ ಅಂಗಗಳಲ್ಲೂ ಇರುತ್ತದೆ. ರಕ್ತದಲ್ಲಿನ ಆ ಚೂರು ಕಡಮೆಯಾದರೆ ಹೃದಯದ ಬಡಿತ ತಪ್ಪುತ್ತದೆ, ಕೈಕಾಲು ಸೆಟೆಯುತ್ತವೆ. ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ ಎಲುಬು ಉಗ್ರಾಣ, ರಕ್ತ ಅಡುಗೆಮನೆ. ಅಡುಗೆಮನೆಯಲ್ಲಿ ಸಾಮಾನು ಕಡಮೆಯಾದರೆ ಉಗ್ರಾಣದಿಂದ ತರಿಸಿಕೊಡುವ ಮೇಸ್ತ್ರಿಗಳು ನಾಲ್ಕು ಮಂದಿ ನಮ್ಮ ಕುತ್ತಿಗೆಯಲ್ಲಿದ್ದಾರೆ. ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ಗಾತ್ರದಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳೇ ಅವರು.

ಕಿಡ್ನಿ ಸೋಲತೊಡಗಿದಾಗ ಏನಾಗುತ್ತದೆ? ರಂಜಕ ಹೊರಕ್ಕೆ ಹೋಗದೆ ಒಳಗೆ ಕೂಡುತ್ತ ಬರುತ್ತದೆ. ವಿಟಮಿನ್ ಡಿ ಗೆ ಕೊನೆಯ ಹದ ಸಿಗುವುದಿಲ್ಲ. ಸುಣ್ಣದಂಶ ಕರುಳಿನಿಂದ ರಕ್ತಕ್ಕೆ ಏರುವುದು ಕಡಮೆಯಾಗುತ್ತದೆ. ಆಗ ಆ ನಾಲ್ಕು ಮೇಸ್ತ್ರಿಗಳು ಉಗ್ರಾಣದಿಂದ ತನ್ನಿರಿ, ತನ್ನಿರಿ ಎಂದು ಹಗಲಿರುಳು ಹುಕುಂ ಮಾಡುತ್ತಾರೆ. ಅಡುಗೆಮನೆ ನಡೆಯುತ್ತದೆ, ಗಿರಾಕಿಗೆ ಏನೂ ತಿಳಿಯುವುದಿಲ್ಲ. ಉಗ್ರಾಣ ಮಾತ್ರ ಬರಿದಾಗುತ್ತ ಹೋಗುತ್ತದೆ. ವರ್ಷಗಟ್ಟಳೆ ಹೀಗೆ ನಡೆದರೆ ಆ ಗ್ರಂಥಿಗಳೇ ಊದಿ ಬೆಳೆದು, ಯಾರ ಮಾತಿಗೂ ಬಗ್ಗದಂತಾಗುತ್ತವೆ.

ಎಲುಬು ಕಲ್ಲಿನಂತೆ ಒಂದೇ ಗಟ್ಟಿಯೆಂದು ತಿಳಿಯಬಾರದು. ಅದೂ ಒಂದು ನೇಯ್ಗೆ. ಮಗ್ಗ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಹೊಕ್ಕಿನಂತೆ ಹೆಣೆದುಕೊಂಡ ನಾರಿನ ಮೇಲೆ ಸುಣ್ಣ, ರಂಜಕಗಳು ಗಂಜಿ ಹಿಡಿದಂತೆ ಕೂತಿರುತ್ತವೆ. ಹಳೆಯ ಎಲುಬು ಕರಗಿ ಹೊಸ ಎಲುಬು ಹುಟ್ಟುವ ಕೆಲಸ ಜೀವಮಾನವೆಲ್ಲ ನಡೆದೇ ಇರುತ್ತದೆ. ಮೇಲಿನ ಹುಕುಮಿನಿಂದ ಕರಗುವುದು ಅತಿಯಾದರೆ ನೇಯ್ಗೆ ಜಾಳಾಗುತ್ತದೆ. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ, ಔಷಧದ ಅಳತೆ ತಪ್ಪಿಯೋ ಬೇರೆ ಕಾರಣದಿಂದಲೋ, ಕರಗುವ ಕೆಲಸವೂ ಹುಟ್ಟುವ ಕೆಲಸವೂ ನಿಂತೇಹೋಗಿ ಎಲುಬು ಜಡವಾಗುತ್ತದೆ. ಹಳೆಯ ಬಟ್ಟೆ ಹೊಸದಾಗಿ ನೇಯದೆ ಪಿಸಿದ ಹಾಗೆ ಅದೂ ಮುರಿಯುತ್ತದೆ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯನ್ನು ನಾವು ನುಂಗಬಾರದು ಎನ್ನುವುದು ಇದಕ್ಕಾಗಿಯೇ.

ಇದು ಇಂದು ನಿನ್ನೆ ಕಂಡ ಸಂಗತಿಯಲ್ಲ. 1883ರಲ್ಲೇ ಕ್ಲೆಮೆಂಟ್ ಲ್ಯೂಕಸ್ ಎಂಬ ಆಂಗ್ಲ ವೈದ್ಯರು, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದ ಎಳೆಯರಲ್ಲಿ ಎಲುಬು ಬಾಗುವುದನ್ನು ಕಂಡು ಬರೆದಿಟ್ಟರು. ಅಮೆರಿಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಸಾವಿರಾರು ರೋಗಿಗಳ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಅದೇ ವಯಸ್ಸಿನ ಇತರರಿಗೆ ಹೋಲಿಸಿದರೆ ಅವರಲ್ಲಿ ಸೊಂಟದ ಬಳಿ ತೊಡೆಯೆಲುಬು ಮುರಿಯುವುದು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಡಯಾಲಿಸಿಸಿನ ಹಂತಕ್ಕೆ ಮುಟ್ಟುವ ಮೊದಲೇ, ಕಿಡ್ನಿಯ ಶಕ್ತಿ ಅರ್ಧಕ್ಕೆ ಇಳಿಯುವ ಹೊತ್ತಿಗೇ ಅಪಾಯ ಏರತೊಡಗುತ್ತದೆ. ಸೊಂಟ ಮುರಿದ ಕಿಡ್ನಿ ರೋಗಿ ಹಾಸಿಗೆ ಹಿಡಿದರೆ ಮತ್ತೆ ಏಳುವುದು ಕಷ್ಟ. ಎಷ್ಟೋ ಮಂದಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ನಿಂತೇ ಸಂಪಾದಿಸಬೇಕಾದ ನಮ್ಮಂಥವರಿಗೆ, ಜೀವ ಉಳಿದರೂ ಅನ್ನ ಹೋಯಿತು. ಊರಲ್ಲಿ ಕಾಯುತ್ತಿರುವ ತಾಯಿಗೆ, ಮಕ್ಕಳ ಶಾಲೆಗೆ ಕಳಿಸುವ ಹಣ ಅದೇ ತಿಂಗಳಿಗೆ ನಿಲ್ಲುತ್ತದೆ.

ಎಚ್ಚರದಿಂದ ನೋಡಿದರೆ ಇದನ್ನು ತಡೆಯಬಹುದು ಎಂಬುದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇವೆ. ಇಂಗ್ಲೆಂಡಿನ ಈಶಾನ್ಯದಲ್ಲಿ ನ್ಯೂಕಾಸಲ್ ಎಂಬ ಕೈಗಾರಿಕಾ ನಗರವಿದೆ. 1970ರ ದಶಕದಲ್ಲಿ ಅಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಿಗೆ ಎಲುಬು ನೋವು ವಿಪರೀತವಾಗಿ, ಎಲುಬುಗಳು ಒಂದರ ಹಿಂದೊಂದು ಮುರಿಯತೊಡಗಿದವು. ಬೇರೆ ಕೆಲವು ಊರುಗಳಲ್ಲಿ ಅಷ್ಟೊಂದು ಇರಲಿಲ್ಲ. ವೈದ್ಯರು ರೋಗಿಯನ್ನು ದೂರದೆ, ನೀರನ್ನು ಪರೀಕ್ಷಿಸಿದರು. ನಾವು ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯುತ್ತೇವೆ. ಡಯಾಲಿಸಿಸಿನ ಒಂದು ಸರದಿಯಲ್ಲಿ ರೋಗಿಯ ರಕ್ತದ ಮಗ್ಗುಲಲ್ಲಿ, ತೆಳುವಾದ ಒಂದು ಪೊರೆಯ ಆಚೆಗೆ, ಸುಮಾರು 120 ಲೀಟರ್ ನೀರು ಹರಿದುಹೋಗುತ್ತದೆ. ಊರಿನ ನೀರನ್ನು ತಿಳಿಯಾಗಿಸಲು ಪಟಿಕದ ಜಾತಿಯ ವಸ್ತುವನ್ನು ಹಾಕುತ್ತಾರೆ. ಅದರಲ್ಲಿ ಅಲ್ಯುಮಿನಿಯಂ ಇದೆ. ಆರೋಗ್ಯವಂತನ ಕಿಡ್ನಿ ಅದನ್ನು ಹೊರಹಾಕೀತು, ಕಿಡ್ನಿ ಇಲ್ಲದವನ ಎಲುಬಿನಲ್ಲಿ ಅದು ಹೋಗಿ ಕೂರುತ್ತದೆ. ಅಂಥ ಲವಣಗಳನ್ನೆಲ್ಲ ತೆಗೆದ ನೀರನ್ನು ಬಳಸಿದವರಲ್ಲಿ ಎಲುಬು ಮುರಿಯುವುದು ಬಹಳ ಕಡಮೆಯಾಗಿತ್ತು. 1978ರಲ್ಲಿ ಈ ಸಂಗತಿ ಪ್ರಕಟವಾಯಿತು. ನೀರನ್ನು ಪೂರ್ಣ ಶುದ್ಧಿ ಮಾಡಿಯೇ ಯಂತ್ರಕ್ಕೆ ಬಿಡಬೇಕೆಂಬ ಕಟ್ಟುಪಾಡು ಬೇರೂರಲು ಇಂಥ ಅನುಭವಗಳೇ ಕಾರಣ. ಅದೇ ರೋಗ, ಅದೇ ಯಂತ್ರ. ಕಾರಣವನ್ನು ಹುಡುಕಿದ್ದರಿಂದ ಎಷ್ಟೋ ಜನರ ಎಲುಬು ಉಳಿಯಿತು.

ಬಾಂಧವರೇ, ಇನ್ನು ನಾವು ಮಾಡಬೇಕಾದ್ದನ್ನು ಹೇಳುತ್ತೇವೆ. ದಯವಿಟ್ಟು ಗಮನವಿಟ್ಟು ಕೇಳಿ.

ಮೊದಲನೆಯದು ಪರೀಕ್ಷೆ. ಕಿಡ್ನಿ ಕೆಡುವಾಗ ನೋಯುವುದಿಲ್ಲ, ಎಲುಬು ಸವೆಯುವಾಗಲೂ ಬಹುಕಾಲ ನೋಯುವುದಿಲ್ಲ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ಸಮಾಧಾನಪಡಬೇಡಿ. ಸೊರಗಿದವರಲ್ಲಿ, ವೃದ್ಧರಲ್ಲಿ ಅದು ಮೋಸ ಮಾಡುತ್ತದೆ. ಅದರಿಂದ ಲೆಕ್ಕ ಹಾಕಿ ಕಿಡ್ನಿಯ ಸೋಸುವ ಶಕ್ತಿ ಎಷ್ಟು ಎಂದು ಹೇಳಿ ಎಂದು ವೈದ್ಯರನ್ನು ಕೇಳಿ. ಆ ಅಂಕಿ ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ರೋಗ. ಅಂಥವರು ಸುಣ್ಣದಂಶ, ರಂಜಕ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಗ್ರಂಥಿಯ ರಸ ಇವುಗಳ ಪರೀಕ್ಷೆ ಬೇಕೇ ಎಂದು ಕೇಳಬೇಕು. ಇಂಥ ರೋಗಿಗಳಲ್ಲಿ ಎಲುಬಿನ ಸಾಂದ್ರತೆ ಅಳೆದು ಉಪಯೋಗವಿಲ್ಲ ಎಂಬ ಅಭಿಪ್ರಾಯ ಹಿಂದೆ ಪ್ರಬಲವಾಗಿತ್ತು. ಚಿಕಿತ್ಸೆಯನ್ನು ತೀರ್ಮಾನಿಸಲು ನೆರವಾಗುವುದಾದರೆ ಅಳೆಯಬಹುದೆಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿ ಸಲಹೆ ಕೊಟ್ಟಿತು.

ಎರಡನೆಯದು ನೋವಿನ ಮಾತ್ರೆ. ನಮ್ಮ ಜನಕ್ಕೆ ಅತ್ಯಂತ ಕೇಡು ಮಾಡುತ್ತಿರುವುದು ಇದೇ. ಹನ್ನೆರಡು ಗಂಟೆ ನಿಂತು ಸೊಂಟ ನೋಯುತ್ತದೆ, ಕಾಲು ಸೆಳೆಯುತ್ತದೆ. ಬೀದಿ ಮೂಲೆಯ ಔಷಧದಂಗಡಿಯಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಕೈಗೆ ಬೀಳುತ್ತದೆ. ಇಂದು ಒಂದು, ನಾಳೆ ಎರಡು, ತಿಂಗಳು, ವರ್ಷ. ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ತಗ್ಗಿಸುತ್ತವೆ. ಬೆವರಿ ಒಣಗಿದ ಮೈಗೆ, ಮೊದಲೇ ಸೋತ ಕಿಡ್ನಿಗೆ ಅವು ವಿಷಕ್ಕೆ ಸಮ. ಎಲುಬು ನೋಯುತ್ತಿರುವುದು ಕಿಡ್ನಿಯ ದೆಸೆಯಿಂದ. ಆ ನೋವಿಗೆಂದು ನುಂಗಿದ ಮಾತ್ರೆಯಿಂದ ಕಿಡ್ನಿ ಇನ್ನಷ್ಟು ಕೆಡುತ್ತದೆ. ಕಿಡ್ನಿ ಕೆಟ್ಟು ಎಲುಬು ಮತ್ತಷ್ಟು ಸವೆಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯಲ್ಲಿ ಎಮ್ಮೆಗಾದರೂ ಜೀವ ಉಳಿದೀತು, ಇಲ್ಲಿ ಎತ್ತೂ ಹೋಗುತ್ತದೆ, ಎಮ್ಮೆಯೂ ಹೋಗುತ್ತದೆ. ಒಂದು ವಾರಕ್ಕಿಂತ ಹೆಚ್ಚು ಎಲುಬು ನೋವಿದ್ದರೆ, ಕುಕ್ಕರುಗಾಲಿನಿಂದ ಏಳಲು ಕಷ್ಟವಾಗುತ್ತಿದ್ದರೆ, ಸಣ್ಣದಾಗಿ ಬಿದ್ದುದಕ್ಕೇ ಎಲುಬು ಬಿರುಕು ಬಿಟ್ಟರೆ, ಅಂಗಡಿಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ನನಗೆ ಸಕ್ಕರೆ ಇದೆ, ಕಿಡ್ನಿ ನೋಡಿ ಔಷಧ ಕೊಡಿ ಎಂದು ಬಾಯಿಬಿಟ್ಟು ಹೇಳಿ.

ಮೂರನೆಯದು, ತಾವಾಗಿಯೇ ತೆಗೆದುಕೊಳ್ಳುವ ಸುಣ್ಣದ ಮಾತ್ರೆ ಮತ್ತು ಎದೆಯುರಿಯ ಔಷಧ. ಎಲುಬು ಸವೆದಿದೆ ಎಂದೊಡನೆ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುವವರಿದ್ದಾರೆ. ಕಿಡ್ನಿ ರೋಗಿಯಲ್ಲಿ ಹೆಚ್ಚಾದ ಸುಣ್ಣ ಎಲುಬಿಗೆ ಹೋಗದೆ ರಕ್ತನಾಳಗಳ ಗೋಡೆಯಲ್ಲಿ, ಹೃದಯದ ಕವಾಟಗಳಲ್ಲಿ ಕೂತು ಗಟ್ಟಿಯಾಗಬಹುದು. ಎದೆಯುರಿಗೆ ಕುಡಿಯುವ ಹಲವು ಬಿಳಿಯ ದ್ರವಗಳಲ್ಲಿ ಅಲ್ಯುಮಿನಿಯಂ ಇರುತ್ತದೆ. ನ್ಯೂಕಾಸಲಿನ ಕತೆಯನ್ನು ನೆನೆಯಿರಿ. ಎಲುಬು ಗಟ್ಟಿ ಮಾಡುವ ಹೊಸ ಸೂಜಿಮದ್ದುಗಳೂ ಕಿಡ್ನಿ ರೋಗಿಗೆ ಸರ್ವಸಮ್ಮತವಲ್ಲ. ಡೆನೊಸುಮ್ಯಾಬ್ ಎಂಬ ಮದ್ದಿನಿಂದ ಕಿಡ್ನಿ ರೋಗ ಬಲಿತವರ, ಅದರಲ್ಲೂ ಡಯಾಲಿಸಿಸ್ ರೋಗಿಗಳ, ರಕ್ತದ ಸುಣ್ಣದಂಶ ಅಪಾಯಕರವಾಗಿ ಇಳಿಯಬಹುದೆಂದು ಅಮೆರಿಕದ ಔಷಧ ಇಲಾಖೆ 2024ರ ಜನವರಿಯಲ್ಲಿ ಕಟ್ಟೆಚ್ಚರಿಕೆ ಕೊಟ್ಟಿದೆ.

ನಾಲ್ಕನೆಯದು ಆಹಾರ. ರಂಜಕ ಹಾಲು, ಮಾಂಸ, ಮೀನು, ಬೇಳೆ ಎಲ್ಲದರಲ್ಲೂ ಇದೆ. ಬೇಳೆಕಾಳುಗಳಲ್ಲಿರುವ ರಂಜಕದಲ್ಲಿ ಸುಮಾರು ಅರ್ಧ ಅಥವಾ ಅದಕ್ಕೂ ಕಡಮೆ ಮಾತ್ರ ಮೈಗೆ ಹತ್ತುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ ರಂಜಕ ಹೆಚ್ಚುಕಡಮೆ ಪೂರ್ತಿ ಹತ್ತುತ್ತದೆ. ಕಪ್ಪು ಬಣ್ಣದ ಕೋಲಾ ಪಾನೀಯಗಳಲ್ಲಿ ಅದಿದೆ; ಪೊಟ್ಟಣದ ತಿಂಡಿಗಳಲ್ಲಿ, ಡಬ್ಬಿಯ ಚೀಸಿನಲ್ಲಿ ಅದಿದೆ. ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ 338ರಿಂದ 341ರ ವರೆಗಿನ ಅಥವಾ 450, 451, 452 ಎಂಬ ಸಂಖ್ಯೆಗಳು ಕಂಡರೆ ಅದು ಬೆರೆಸಿದ ರಂಜಕವೆಂದು ತಿಳಿಯಿರಿ. ಇಂಗ್ಲಿಷ್ ಬಾರದವರೂ ಅಂಕಿಗಳನ್ನು ಓದಬಲ್ಲರು. ಬಾಯಾರಿದಾಗ ಕೋಲಾ ಬದಲು ನೀರು ಸಾಕು. ಆದರೆ ಕಿಡ್ನಿ ರೋಗವಿದೆ ಎಂದು ಹೆದರಿ ಬೇಳೆ, ಮೊಟ್ಟೆ ಎಲ್ಲವನ್ನೂ ಬಿಟ್ಟು ಸೊರಗಬೇಡಿ. ಸೊರಗಿದ ಸ್ನಾಯು ಬೀಳುವಾಗ ಮೈಯನ್ನು ಹಿಡಿಯಲಾರದು. ಯಾವುದು ಎಷ್ಟು ಎಂಬುದನ್ನು, ನೀರಿನ ಅಳತೆಯನ್ನೂ ಸೇರಿಸಿ, ವೈದ್ಯರಿಂದಲೇ ತಿಳಿಯಬೇಕು.

ಐದನೆಯದು, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎರಡು ಮಾತು. ರಂಜಕವನ್ನು ಹಿಡಿದಿಡುವ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಊಟವಾಗಿ ಎರಡು ಗಂಟೆಯ ಮೇಲೆ ನುಂಗಿದರೆ ದುಡ್ಡು ದಂಡ. ಕೆಲಸ ತಪ್ಪುತ್ತದೆಂದು ಡಯಾಲಿಸಿಸಿನ ಸರದಿಯನ್ನು ತಪ್ಪಿಸಬಾರದು. ಕಿಡ್ನಿ ಬದಲಾಯಿಸಿಕೊಂಡವರೂ ಎಲುಬಿನ ಚಿಂತೆ ಮುಗಿಯಿತೆಂದು ತಿಳಿಯಬಾರದು; ಅವರು ತೆಗೆದುಕೊಳ್ಳುವ ಸ್ಟಿರಾಯ್ಡ್ ಮಾತ್ರೆಯೂ ಎಲುಬನ್ನು ಸವೆಸುತ್ತದೆ. ಆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಮಾತ್ರ ಪ್ರಾಣಕ್ಕೇ ಕುತ್ತು.

ಆರನೆಯದು, ಬೀಳದಂತೆ ನೋಡಿಕೊಳ್ಳುವುದು. ಎಲುಬು ಎಷ್ಟೇ ಸವೆದಿರಲಿ, ಬಹುಪಾಲು ಅದು ಮುರಿಯುವುದು ಬಿದ್ದಾಗ. ಹೋಟೆಲಿನ ಮೋರಿಯ ಬಳಿ ಎಣ್ಣೆ, ಸಾಬೂನು ಸೇರಿದ ನೆಲ, ಚಾಳಿನ ಕತ್ತಲೆ ಮೆಟ್ಟಿಲು, ರಾತ್ರಿ ಮೂತ್ರಕ್ಕೆ ಎದ್ದು ನಡೆಯಬೇಕಾದ ಉದ್ದ ಪಡಸಾಲೆ, ಇವೇ ನಮ್ಮ ಶತ್ರುಗಳು. ಡಯಾಲಿಸಿಸ್ ಆದ ಕೂಡಲೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಆ ದಿನ ಜೊತೆಗೊಬ್ಬರಿಲ್ಲದೆ ರೈಲು ಹತ್ತಬೇಡಿ. ಮೋರಿಯ ಬಳಿ ಗೋಣಿತಾಟು, ಮೆಟ್ಟಿಲಿಗೆ ಒಂದು ದೀಪ, ಬಚ್ಚಲಲ್ಲಿ ಹಿಡಿಯಲು ಒಂದು ಸರಳು ಇವುಗಳಿಗೆ ಹೆಚ್ಚು ಹಣ ಬೇಕಿಲ್ಲ. ಮಾಲಕರನ್ನು ಕೇಳೋಣ, ಚಾಳಿನವರು ಕೂಡಿ ಹಾಕಿಸೋಣ. ಒಬ್ಬೊಬ್ಬರೇ ಕೇಳಿದರೆ ಆಗದ್ದು ಹತ್ತು ಮಂದಿ ಕೇಳಿದರೆ ಆಗುತ್ತದೆಂಬುದನ್ನು ನಮ್ಮ ಸಂಘ ಹಿಂದೆಯೂ ಕಂಡಿದೆ.

ಕೊನೆಯದಾಗಿ ಖರ್ಚಿನ ಮಾತು. 1948ರ ಕಾನೂನಿನಿಂದ ಬಂದ ಇ.ಎಸ್.ಐ. ವಿಮೆ ನಮ್ಮ ಬೆವರಿನ ಹಣದಿಂದಲೂ ನಡೆಯುವಂಥದು, ಯಾರ ಧರ್ಮವೂ ಅಲ್ಲ. 2017ರ ಜನವರಿಯಲ್ಲಿ ಅದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಈಗಿನ ಮಿತಿ ಎಷ್ಟು, ತಮ್ಮ ಹೆಸರು ದಾಖಲಾಗಿದೆಯೇ ಎಂಬುದನ್ನು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳಬೇಕು. ಕೆಲಸದ ವೇಳೆ ಬಿದ್ದು ಎಲುಬು ಮುರಿದರೆ ಅಪಘಾತವೆಂದು ಅಂದೇ ಬರೆಯಿಸಿ. ಎರಡು ದಿನ ಬಿಟ್ಟರೆ ಅದು ಮನೆಯಲ್ಲಿ ಬಿದ್ದದ್ದಾಗಿಬಿಡುತ್ತದೆ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ಕೇಂದ್ರ ಸರಕಾರದ ಯೋಜನೆ 2016ರಲ್ಲಿ ಪ್ರಾರಂಭವಾಯಿತು. ಊರಿಗೆ ಹಿಂದಿರುಗುವ ರೋಗಿಗಳು ತಮ್ಮ ಜಿಲ್ಲೆಯಲ್ಲಿ ಇದನ್ನು ಕೇಳಬೇಕು. ಅರ್ಜಿ ಬರೆಯಲು ಬಾರದವರು ಸಂಘದ ಕಚೇರಿಗೆ ಬನ್ನಿ. ಬರೆದುಕೊಡಲು, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲಲು ನಾವಿದ್ದೇವೆ.

ಬಾಂಧವರೇ, ನಮಗೆ ಹೊಲ ಗದ್ದೆಗಳ ಆಸ್ತಿಯಿಲ್ಲ, ಬ್ಯಾಂಕಿನಲ್ಲಿ ಗಂಟಿಲ್ಲ. ನಿಲ್ಲಬಲ್ಲ ಎರಡು ಕಾಲು, ಎತ್ತಬಲ್ಲ ಎರಡು ಕೈ, ಇವೇ ನಮ್ಮ ಆಸ್ತಿ. ನಮ್ಮ ನಿಮ್ಮ ಪಕ್ಕದಲ್ಲಿ ದುಡಿಯುವವರು ಯಾರಾದರೂ ದಿನವೂ ನೋವಿನ ಮಾತ್ರೆ ನುಂಗುತ್ತಿದ್ದರೆ, ಅಣ್ಣಾ, ಒಮ್ಮೆ ಕಿಡ್ನಿ ಪರೀಕ್ಷೆ ಮಾಡಿಸಿಕೋ ಎಂದು ನಾಳೆಯೇ ಹೇಳಿ. ಅವರು ಹಿಂಜರಿದರೆ ಜೊತೆಯಲ್ಲಿ ಹೋಗಿ. ಇಷ್ಟನ್ನು ನಡೆಸಿಕೊಟ್ಟರೆ ಈ ಸಂಜೆ ತಾವು ಇಲ್ಲಿ ಕೂತು ಕೇಳಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇವೆ.